ರೀಜನರೇಟಿವ್ ಧಾನ್ಯ ಅಂತ ಹೇಳಿ ಮಾರುವವರನ್ನು ಏನು ಕೇಳಬೇಕು?

ಹುದುಗು:

ಎಲ್ಲರಿಗೂ ನಮಸ್ಕಾರ. ನಾನು ಬ್ರೆಡ್ ಮಾಡುತ್ತೇನೆ. ಅದೇ ಕಟ್ಟಡದ ಹಿಂಭಾಗದಲ್ಲಿ ನನ್ನ ತಮ್ಮ ಬಿಯರ್ ತಯಾರಿಸುತ್ತಾನೆ. ಇಬ್ಬರದೂ ಸಣ್ಣ ವ್ಯವಹಾರ. ನನಗೆ ಗೋಧಿ ಬೇಕು, ಅವನಿಗೆ ಬಾರ್ಲಿ ಬೇಕು.

ಈ ಸಲ ಧಾನ್ಯ ಹುಡುಕುವಾಗ ಇಬ್ಬರು ಸಿಕ್ಕರು. ಇಬ್ಬರೂ ತಮ್ಮದು ರೀಜನರೇಟಿವ್ ಕೃಷಿ, ಅಂದರೆ ಸೋತ ಮಣ್ಣನ್ನು ಮತ್ತೆ ಚೇತರಿಸುವ ಬೇಸಾಯ ಎಂದರು. ಮೊದಲನೆಯವರು ವ್ಯಾಪಾರಿ. ಚೆಂದದ ಹಾಳೆ ಕೊಟ್ಟರು, ಅದರ ತುಂಬ ಹಸಿರು ಎಲೆಯ ಚಿತ್ರ. "ಹೊಲದಲ್ಲಿ ಏನು ಮಾಡ್ತಾರೆ?" ಅಂತ ಕೇಳಿದೆ. "ಪ್ರಕೃತಿಗೆ ಹತ್ತಿರವಾಗಿ ಬೆಳೆಯುತ್ತಾರೆ" ಅಂದರು. ಅದರಾಚೆ ಉತ್ತರ ಬರಲಿಲ್ಲ. ಎರಡನೆಯವರು ರೈತರು. ಅವರ ಹತ್ತಿರ ಹಾಳೆ ಇರಲಿಲ್ಲ. ಹೊಲಕ್ಕೆ ಕರೆದುಕೊಂಡು ಹೋಗಿ, ಸಲಿಕೆ ಊರಿ, ಒಂದು ಹೆಂಟೆ ಎತ್ತಿ ಕೈಗೆ ಕೊಟ್ಟರು. ಬೇಲಿಯಾಚೆ ಪ್ರತಿ ವರ್ಷ ಉಳುವ ಹೊಲ ಇತ್ತು. ಅಲ್ಲಿಯವರನ್ನು ಕೇಳಿ ಇನ್ನೊಂದು ಹೆಂಟೆ ತಂದರು. "ಎರಡನ್ನೂ ಮನೆಗೆ ಒಯ್ಯಿರಿ. ಪೂರ್ತಿ ಒಣಗಲಿ. ಆಮೇಲೆ ನೀರಿಗೆ ಬಿಡಿ" ಎಂದರು.

ನಾಲ್ಕು ದಿನ ಕಿಟಕಿ ಬಳಿ ಒಣಗಿಸಿದೆ. ಎರಡು ಗಾಜಿನ ಜಾಡಿಗೆ ನೀರು ತುಂಬಿ, ಬಾಯಿಯಲ್ಲಿ ತಂತಿ ಜಾಲರಿ ಬಗ್ಗಿಸಿಟ್ಟು, ನೀರಲ್ಲಿ ಮುಳುಗುವ ಹಾಗೆ ಒಂದೊಂದು ಹೆಂಟೆ ಕೂರಿಸಿದೆ. ಉತ್ತ ಹೊಲದ ಹೆಂಟೆಯಿಂದ ಗುಳ್ಳೆ ಏಳತೊಡಗಿತು. ಆಮೇಲೆ ಒಂದು ಪಕ್ಕ ಕುಸಿಯಿತು. ಒಂದು ನಿಮಿಷ ಆಗುವಷ್ಟರಲ್ಲಿ ಅರ್ಧಕ್ಕರ್ಧ ಹಿಟ್ಟಿನ ಹಾಗೆ ಕೆಳಗೆ ಸುರಿದು, ನೀರೆಲ್ಲ ಕೆಸರಾಯಿತು. ಇನ್ನೊಂದು ಹಾಗೇ ಕೂತಿತ್ತು. ರಾತ್ರಿ ಮಲಗುವಾಗ ನೋಡಿದೆ, ಕೂತಿತ್ತು. ಬೆಳಗಿನ ಜಾವ ಹಿಟ್ಟು ನಾದಲು ಎದ್ದಾಗ ನೋಡಿದೆ, ಆಗಲೂ ಕೂತಿತ್ತು. ಆ ಜಾಡಿಯ ನೀರಿನ ಮೂಲಕ ಆಚೆ ಬದಿಯ ಪಾತ್ರೆ ಸ್ಪಷ್ಟವಾಗಿ ಕಾಣುತ್ತಿತ್ತು.

ಅವತ್ತಿನಿಂದ ಇದೇ ತಲೆಯಲ್ಲಿ ಸುತ್ತುತ್ತಿದೆ. ಹಾಗಾದರೆ ಧಾನ್ಯ ಕೊಳ್ಳುವ ನಮ್ಮಂಥವರು ರೈತರನ್ನು ಏನು ಕೇಳಬೇಕು? ಚೀಟಿ ನೋಡಿ ನಂಬಬೇಕಾ, ಹೆಂಟೆ ನೋಡಿ ನಂಬಬೇಕಾ? ಇದರಲ್ಲಿ ನಮ್ಮ ಪಾಲಿನ ಕೆಲಸ ಏನಾದರೂ ಇದೆಯಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಮೇಲ್ಮಣ್ಣು:

ಅಕ್ಕ, ನಿಮಗೆ ಸಿಕ್ಕ ಎರಡನೆಯವರನ್ನು ಬಿಡಬೇಡಿ. ನಾನು 14 ವರ್ಷದಿಂದ ಈ ದಾರಿಯಲ್ಲಿದ್ದೇನೆ. ಧಾನ್ಯ ಕೊಳ್ಳಲು ಬಂದವರಿಗೆ ಮೊದಲು ಸಲಿಕೆ ತೋರಿಸುವ ರೈತರು ಕಡಿಮೆ.

ಜಾಡಿಯಲ್ಲಿ ಏನಾಯಿತು ಅಂತ ಹೇಳುತ್ತೇನೆ. ಒಣ ಹೆಂಟೆಯ ಸಂದಿಗಳಲ್ಲಿ ಗಾಳಿ ಇರುತ್ತದೆ. ನೀರು ಒಳಗೆ ನುಗ್ಗಿದಾಗ ಆ ಗಾಳಿ ಒತ್ತಡಕ್ಕೆ ಸಿಕ್ಕಿ ಹೊರಗೆ ಬರಲು ನೋಡುತ್ತದೆ. ಕಣಗಳ ನಡುವಿನ ಅಂಟು ಗಟ್ಟಿ ಇದ್ದರೆ ಹೆಂಟೆ ತಡೆದುಕೊಳ್ಳುತ್ತದೆ. ಇಲ್ಲದಿದ್ದರೆ ಒಡೆದು ಹೋಗುತ್ತದೆ. ಆ ಅಂಟನ್ನು ನಾವು ಹಾಕಲು ಬರುವುದಿಲ್ಲ. ಜೀವಂತ ಬೇರು ಸಕ್ಕರೆಯಂಥ ರಸ ಒಸರುತ್ತದೆ. ಅದನ್ನು ತಿಂದ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಅಂಟು ಬಿಡುತ್ತವೆ. ಶಿಲೀಂಧ್ರದ ಎಳೆಗಳು ಕಣಗಳನ್ನು ಬಲೆಯ ಹಾಗೆ ಹಿಡಿದಿಡುತ್ತವೆ. ನೇಗಿಲು ಹಾಯಿಸಿದರೆ ಎಳೆ ಹರಿಯಿತು, ಗಾಳಿ ಜಾಸ್ತಿ ನುಗ್ಗಿತು, ಒಳಗೆ ಕೂಡಿಟ್ಟಿದ್ದ ಸಾವಯವ ಪದಾರ್ಥವನ್ನು ಸೂಕ್ಷ್ಮಜೀವಿಗಳು ಬೇಗ ಬೇಗ ತಿಂದು ಮುಗಿಸಿದವು. ಆಮೇಲೆ ಮಳೆ ಹನಿ ಬರಿ ಮಣ್ಣಿಗೆ ಹೊಡೆದಾಗ ನಿಮ್ಮ ಜಾಡಿಯಲ್ಲಿ ಆದದ್ದೇ ಇಡೀ ಹೊಲದಲ್ಲಿ ಆಗುತ್ತದೆ. ಕರಗಿದ ಮಣ್ಣು ಸಂದಿಗಳನ್ನು ಮುಚ್ಚುತ್ತದೆ, ಮೇಲೆ ಹೆಪ್ಪು ಕಟ್ಟುತ್ತದೆ, ಮುಂದಿನ ಮಳೆ ಇಳಿಯದೆ ಹರಿದು ಹೋಗುತ್ತದೆ. ಜೊತೆಗೆ ಮೇಲ್ಮಣ್ಣೂ ಹೋಗುತ್ತದೆ.

ಇದು ಎಲ್ಲಿಯವರೆಗೆ ಹೋಗಬಹುದು ಅಂತ 1930ರ ದಶಕದ ಅಮೆರಿಕದ ಬಯಲು ಸೀಮೆ ತೋರಿಸಿದೆ. ಹುಲ್ಲುಗಾವಲನ್ನು ಉತ್ತು ಗೋಧಿ ಹಾಕಿದರು. ಬರ ಬಂತು. ಹಿಡಿದಿಡಲು ಬೇರೇ ಇಲ್ಲದ ಮಣ್ಣು ಗಾಳಿಗೆ ಎದ್ದಿತು. 1935ರ ಏಪ್ರಿಲ್ 14ರ ಧೂಳಿನ ಬಿರುಗಾಳಿಗೆ ಹಗಲೇ ಕತ್ತಲಾಯಿತು. ಅದೇ ತಿಂಗಳ 27ಕ್ಕೆ ಅಲ್ಲಿ ಮಣ್ಣು ಸಂರಕ್ಷಣೆಯ ಕಾನೂನು ಬಂತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಒಂದೇ ಪ್ರಶ್ನೆ ಕೇಳಬಹುದು ಅಂತಾದರೆ ಇದನ್ನು ಕೇಳಿ: "ವರ್ಷದಲ್ಲಿ ಎಷ್ಟು ದಿನ ನಿಮ್ಮ ಮಣ್ಣು ಬೆತ್ತಲೆ ಇರುತ್ತದೆ?" ನಿಜವಾಗಿ ಮಾಡುವವರು ಯೋಚಿಸಿ, ಬೆರಳು ಮಡಚಿ ಲೆಕ್ಕ ಹೇಳುತ್ತಾರೆ. ಕಟಾವಾದ ಮೇಲೆ ಕೂಳೆ ಬಿಟ್ಟೆ, ಹದ ಇದ್ದಾಗಲೇ ಹೊದಿಕೆ ಬೆಳೆ (ಮಣ್ಣು ಮುಚ್ಚಲೆಂದೇ ಬೆಳೆಯುವ ಬೆಳೆ) ಬಿತ್ತಿದೆ, ನಡುವೆ ಹತ್ತು ದಿನ ಬರಿದಾಗಿತ್ತು, ಹೀಗೆ. ಮಾಡದವರಿಗೆ ಆ ಪ್ರಶ್ನೆಯೇ ಅರ್ಥ ಆಗುವುದಿಲ್ಲ.

ಹೊಸ ಕುಡಿ:

ಈ ಪ್ರಶ್ನೆಯನ್ನು ಬರೆದು ಗೋಡೆಗೆ ಅಂಟಿಸಿಕೊಂಡೆ ಸರ್.

ಲೆಕ್ಕ ಬೇಕು:

ನಾನು ಸ್ವಲ್ಪ ಬೇರೆ ಮಾತು ಹೇಳಬೇಕು. ಯಾರಿಗೂ ಬೇಜಾರಾಗಬಾರದು. ಈ ವಿಷಯ ನನಗೂ ಮುಖ್ಯ, ಅದಕ್ಕೇ ಹೇಳುತ್ತಿದ್ದೇನೆ.

ರೀಜನರೇಟಿವ್ ಅನ್ನುವ ಪದ 1980ರ ದಶಕದಲ್ಲಿ ಅಮೆರಿಕದ ರಾಬರ್ಟ್ ರೋಡೇಲ್ ಅವರಿಂದ ಬಳಕೆಗೆ ಬಂತು. ಅವರ ಸಂಸ್ಥೆ 1981ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಶುರು ಮಾಡಿದ ಹೊಲ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಅವರ ಮನಸ್ಸಿನಲ್ಲಿದ್ದದ್ದು ಸಾವಯವಕ್ಕಿಂತ ಒಂದು ಹೆಜ್ಜೆ ಮುಂದಿನದು. ಇವತ್ತು ಆ ಪದವನ್ನು ಯಾರು ಬೇಕಾದರೂ ಬಳಸುತ್ತಾರೆ. ಸಾವಯವಕ್ಕೆ ಬಹಳಷ್ಟು ದೇಶಗಳಲ್ಲಿ ಕಾನೂನಿನ ಅರ್ಥ ಇದೆ. ಇದಕ್ಕೆ ಎಲ್ಲರೂ ಒಪ್ಪಿದ ಒಂದು ಅರ್ಥ ಇಲ್ಲ. ಕಟ್ಟುನಿಟ್ಟಿನ ಪ್ರಮಾಣಪತ್ರಗಳೂ ಇವೆ ಅನ್ನಿ. ರೀಜನರೇಟಿವ್ ಆರ್ಗ್ಯಾನಿಕ್ ಸರ್ಟಿಫೈಡ್ ಎನ್ನುವುದು ಮೊದಲು ಸಾವಯವ ಪ್ರಮಾಣಪತ್ರ ಕೇಳುತ್ತದೆ, ಅದರ ಮೇಲೆ ಮಣ್ಣು, ಪ್ರಾಣಿಗಳ ಯೋಗಕ್ಷೇಮ, ಕೆಲಸಗಾರರಿಗೆ ನ್ಯಾಯ ಮೂರನ್ನೂ ನೋಡುತ್ತದೆ. ಆದರೆ ಬರೀ "ರೀಜನರೇಟಿವ್" ಅಂತ ಬರೆದ ಚೀಟಿಗೆ ಆ ಭಾರ ಇಲ್ಲ.

ಎರಡನೆಯದು ಇಳುವರಿ. ಉಳುಮೆ ನಿಲ್ಲಿಸಿದರೆ ಸಾಕು, ಎಲ್ಲ ಸರಿಹೋಗುತ್ತದೆ ಅಂತ ಹೇಳುವವರು ಇದ್ದಾರೆ. 63 ದೇಶಗಳ 610 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿ ನೇಚರ್ ಪತ್ರಿಕೆಯಲ್ಲಿ ಬಂದಿತ್ತು. ಒಟ್ಟಾರೆ ನೋಡಿದರೆ ಬರೀ ಉಳುಮೆ ಬಿಟ್ಟಲ್ಲಿ ಇಳುವರಿ ಕಡಿಮೆ ಆಗಿತ್ತು. ಉಳುಮೆ ಬಿಡುವುದರ ಜೊತೆಗೆ ದಂಟು ಸೊಪ್ಪೆಯನ್ನು ಹೊಲದಲ್ಲೇ ಉಳಿಸಿ, ಬೆಳೆ ಸರದಿಯನ್ನೂ ಮಾಡಿದಲ್ಲಿ ನಷ್ಟ ಬಹಳ ಕಡಿಮೆ. ಒಣ ಪ್ರದೇಶದ ಮಳೆಯಾಶ್ರಿತ ಹೊಲಗಳಲ್ಲಿ ಮೂರೂ ಸೇರಿದಾಗ ಇಳುವರಿ ಜಾಸ್ತಿಯೇ ಬಂದಿತ್ತು. ಅಂದರೆ ಒಂದನ್ನು ಮಾತ್ರ ಎತ್ತಿಕೊಂಡರೆ ಕೈ ಸುಟ್ಟುಕೊಳ್ಳುತ್ತೇವೆ.

ಮೂರನೆಯದು ಇಂಗಾಲ. ಜಗತ್ತಿನ ಮಣ್ಣಿನಲ್ಲಿರುವ ಇಂಗಾಲ, ಗಾಳಿಯಲ್ಲೂ ಗಿಡಮರಗಳಲ್ಲೂ ಇರುವುದನ್ನು ಕೂಡಿದ್ದಕ್ಕಿಂತ ಜಾಸ್ತಿ. ಈ ಮಾತು ನಿಜ. ಹಾಗಂತ ಈ ಬ್ರೆಡ್ ತಿಂದರೆ ಹವಾಮಾನ ಸರಿಹೋಗುತ್ತದೆ ಅನ್ನುವ ಜಾಹೀರಾತು ಸರಿಯಲ್ಲ. ಸೋತ ಮಣ್ಣು ಮೊದಲ ವರ್ಷಗಳಲ್ಲಿ ಇಂಗಾಲವನ್ನು ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ನಿಧಾನವಾಗುತ್ತದೆ, ಕೊನೆಗೆ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಮತ್ತೆ ಉತ್ತರೆ ಹಿಡಿದದ್ದು ಹೊರಗೆ ಹೋಗುತ್ತದೆ. ಉಳದ ಹೊಲದಲ್ಲಿ ಮೇಲಿನ ಒಂದು ಗೇಣು ಅಳೆದರೆ ಇಂಗಾಲ ಹೆಚ್ಚಿರುತ್ತದೆ. ಇನ್ನೂ ಆಳಕ್ಕೆ ಅಳೆದರೆ ಆ ಹೆಚ್ಚಳದಲ್ಲಿ ಎಷ್ಟೋ ಸಲ ಅರ್ಧವೂ ಉಳಿಯುವುದಿಲ್ಲ, ಯಾಕೆಂದರೆ ಅದು ಮೇಲೆ ಸೇರಿಕೊಂಡಿರುತ್ತದೆ ಅಷ್ಟೇ.

ಮೇಲ್ಮಣ್ಣು:

ಇದರಲ್ಲಿ ಒಂದಕ್ಕೂ ನನ್ನ ತಕರಾರಿಲ್ಲ. ಇಂಗಾಲದ ಮಾತನ್ನೇ ಮುಂದಿಟ್ಟು ಮಾರುವವರನ್ನು ಕಂಡರೆ ನನಗೂ ಆಗುವುದಿಲ್ಲ. ಮಣ್ಣು ಕೊಚ್ಚಿ ಹೋಗಬಾರದು, ಅದೇ ನನಗೆ ಸಾಕಷ್ಟು ದೊಡ್ಡ ಕಾರಣ.

ಬ್ರೆಜಿಲ್‌ನ ರೋಲಾಂಡಿಯಾದಲ್ಲಿ ಹರ್ಬರ್ಟ್ ಬಾರ್ಟ್ಸ್ ಅನ್ನುವ ರೈತ 1972ರಲ್ಲಿ ಉಳುಮೆ ಬಿಟ್ಟು ಬಿತ್ತಲು ಶುರು ಮಾಡಿದ್ದೂ ಅದಕ್ಕೇ. ಒಂದೊಂದು ಜಡಿಮಳೆಗೂ ಅವರ ಹೊಲ ಕೊಚ್ಚಿ ಹೋಗುತ್ತಿತ್ತು. ಆ ಪದ್ಧತಿ ಆ ದೇಶದಲ್ಲಿ ಕೋಟಿಗಟ್ಟಲೆ ಎಕರೆಗೆ ಹರಡಿತು.

ಆದರೆ ಹರಡಿದ ರೀತಿಯಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ನೇಗಿಲು ಬಿಟ್ಟ ಬಹಳಷ್ಟು ಕಡೆ ಕಳೆನಾಶಕ ಒಳಗೆ ಬಂತು. ಹೊದಿಕೆ ಬೆಳೆಯನ್ನು ಸಾಯಿಸಲೂ ಅದೇ, ಕಳೆಗೂ ಅದೇ. ಹಾಗಾಗಿ ಅಕ್ಕ, ಎರಡನೇ ಪ್ರಶ್ನೆ ಇದು: "ಹೊದಿಕೆ ಬೆಳೆಯನ್ನು ಹೇಗೆ ಮುಗಿಸುತ್ತೀರಿ?" ನಾನು ರೈ ಅನ್ನುವ, ಗೋಧಿಯಂಥ ಧಾನ್ಯದ ಬೆಳೆಯನ್ನು ಹೂ ಬಿಡುವ ಹೊತ್ತಿಗೆ ಪಟ್ಟಿ ಇರುವ ಭಾರದ ರೋಲರ್ ಹಾಯಿಸಿ ಮಲಗಿಸುತ್ತೇನೆ. ಕಾಂಡ ಜಜ್ಜಿ ಅಲ್ಲೇ ಚಾಪೆಯ ಹಾಗೆ ಬೀಳುತ್ತದೆ. ಆ ಚಾಪೆ ಸೀಳಿಕೊಂಡು ಕೂರಿಗೆ ಬೀಜ ಇಳಿಸುತ್ತದೆ. ಹೂವಿಗೆ ಮುಂಚೆ ಹಾಯಿಸಿದರೆ ಅದು ಎರಡೇ ದಿನದಲ್ಲಿ ಎದ್ದು ನಿಲ್ಲುತ್ತದೆ. ತಡ ಮಾಡಿದರೆ ಬೀಜ ಕಟ್ಟಿ ಅದೇ ಕಳೆಯಾಗುತ್ತದೆ. ಮಧ್ಯೆ ಕೆಲವೇ ದಿನ ಸಿಗುತ್ತದೆ. ಆ ವಾರ ನಾನು ಮನೆ ಬಿಟ್ಟು ಎಲ್ಲೂ ಹೋಗುವುದಿಲ್ಲ.

ಹೊಸ ಕುಡಿ:

ನನ್ನ ಕಥೆ ಹೇಳಲಾ? ಓದಿ ಓದಿ ಉತ್ಸಾಹ ಬಂತು. ಮಣ್ಣಿಗೆ ಸಾವಯವ ಪದಾರ್ಥ ಬೇಕು ಅಂತ ಗೋಧಿ ಹುಲ್ಲನ್ನು ರಾಶಿ ತಂದು ಮಣ್ಣಿನ ಒಳಗೆ ಚೆನ್ನಾಗಿ ಬೆರೆಸಿದೆ. ತಿಂಗಳೊಳಗೆ ಬೆಳೆ ಹಳದಿ ತಿರುಗಿತು. ಕೆಳಗಿನ ಎಲೆಯಿಂದ ಶುರುವಾಗಿ ಮೇಲಕ್ಕೆ ಬಂತು. ರೋಗ ಇರಬೇಕು ಅಂದುಕೊಂಡೆ. ಬೆಳೆ ಚೇತರಿಸಿಕೊಳ್ಳಲೇ ಇಲ್ಲ. ಮಣ್ಣಿಗೆ ಒಳ್ಳೆಯದು ಮಾಡಲು ಹೋಗಿ ಹೀಗಾಯಿತಲ್ಲ ಅಂತ ತುಂಬಾ ಬೇಸರ. ಏನು ತಪ್ಪು ಮಾಡಿದೆ?

ಎರೆಹುಳು:

ನಾನು ಮಣ್ಣು ಪರೀಕ್ಷೆಯ ಕೆಲಸದಲ್ಲಿದ್ದೇನೆ. ನಿಮ್ಮದು ರೋಗ ಅಲ್ಲ, ಹಸಿವು. ಕೆಳಗಿನ ಎಲೆ ಮೊದಲು ಹಳದಿ ಆದರೆ ಸಾಮಾನ್ಯವಾಗಿ ಸಾರಜನಕ ಸಾಲದು ಅಂತ ಅರ್ಥ. ಗಿಡ ಹಳೇ ಎಲೆಯಿಂದ ಎಳೆದುಕೊಂಡು ಹೊಸ ಎಲೆಗೆ ಕೊಡುತ್ತದೆ.

ಗೋಧಿ ಹುಲ್ಲಿನಲ್ಲಿ 1 ಪಾಲು ಸಾರಜನಕಕ್ಕೆ ಸುಮಾರು 80 ಪಾಲು ಇಂಗಾಲ ಇರುತ್ತದೆ. ಸೂಕ್ಷ್ಮಜೀವಿಗಳಿಗೆ ಹೊಂದುವ ಊಟ 1ಕ್ಕೆ 24ರ ಆಸುಪಾಸು. ಹುಲ್ಲನ್ನು ಮಣ್ಣೊಳಗೆ ಬೆರೆಸಿದಾಗ ಅವು ತಿನ್ನಲು ಕೂತವು. ಕೊರತೆ ಬಿದ್ದ ಸಾರಜನಕವನ್ನು ಮಣ್ಣಿನಿಂದ ಎತ್ತಿಕೊಂಡವು. ಅದೇ ಹೊತ್ತಿಗೆ ನಿಮ್ಮ ಬೆಳೆಗೂ ಅದು ಬೇಕಿತ್ತು. ಸ್ಪರ್ಧೆಯಲ್ಲಿ ಬೇರು ಸೋತಿತು. ಆ ಸಾರಜನಕ ಎಲ್ಲೂ ಹೋಗಿಲ್ಲ, ಸೂಕ್ಷ್ಮಜೀವಿಗಳು ಸತ್ತ ಮೇಲೆ ವಾಪಸ್ ಸಿಗುತ್ತದೆ. ಈ ಬೆಳೆಗೆ ಸಿಗುವುದಿಲ್ಲ, ಅಷ್ಟೇ.

ಅದೇ ಹುಲ್ಲನ್ನು ಮೇಲೆ ಹಾಸಿದ್ದರೆ ಇಷ್ಟು ತೊಂದರೆ ಆಗುತ್ತಿರಲಿಲ್ಲ. ಮಣ್ಣಿಗೆ ತಾಗುವ ತೆಳು ಪದರ ಮಾತ್ರ ನಿಧಾನವಾಗಿ ಕೊಳೆಯುತ್ತದೆ. ಒಳಗೆ ಬೆರೆಸುವುದೇ ಆದರೆ ದ್ವಿದಳ ಜಾತಿಯ ಹಸಿರು ಸೊಪ್ಪಿನ ಜೊತೆ ಬೆರೆಸಿ.

ಇನ್ನೊಂದು ಮಾತು, ಜಾಡಿ ಪರೀಕ್ಷೆಯ ಬಗ್ಗೆ. ಅದು ಒಳ್ಳೆಯ ಪರೀಕ್ಷೆ. ಆದರೆ ಒಂದೇ ಜಾತಿಯ ಮಣ್ಣನ್ನು ಬೇಲಿಯ ಈಚೆ ಆಚೆ ಹೋಲಿಸಿದಾಗ ಮಾತ್ರ ಅರ್ಥ ಇದೆ. ಮರಳು ಮಣ್ಣಿನಲ್ಲಿ ಹೆಂಟೆಯೇ ನಿಲ್ಲುವುದಿಲ್ಲ. ಜೇಡಿಯ ಜಾತಿ ಬದಲಾದರೂ ಫಲಿತಾಂಶ ಬದಲಾಗುತ್ತದೆ. ಹುದುಗು ಅವರಿಗೆ ಹೆಂಟೆ ಕೊಟ್ಟ ರೈತರು ಪಕ್ಕದ ಹೊಲದ್ದೇ ತಂದುಕೊಟ್ಟರಲ್ಲ, ಅವರಿಗೆ ಇದು ಗೊತ್ತಿದೆ ಅಂತ ಅರ್ಥ.

ಸಾವಯವ ಪದಾರ್ಥ ಶೇ 1 ಏರಿದರೆ ಎಕರೆಗೆ ಇಷ್ಟು ಸಾವಿರ ಲೀಟರ್ ನೀರು ಹಿಡಿಯುತ್ತದೆ ಅನ್ನುವ ಮಾತನ್ನೂ ಎಲ್ಲರೂ ಹೇಳುತ್ತಾರೆ. ಅದು ಬಹಳ ಉಬ್ಬಿಸಿದ ಲೆಕ್ಕ. ಸಿಡ್ನಿ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನಿಗಳಾದ ಮಿನಾಸ್ನಿ ಮತ್ತು ಮೆಕ್‌ಬ್ರಾಟ್ನಿ 2018ರಲ್ಲಿ ಪ್ರಕಟಿಸಿದ ಪ್ರಕಾರ, ಮಣ್ಣಿನ ಇಂಗಾಲ ಶೇ 1ರಷ್ಟು ಏರಿದರೆ 100 ಮಿಲಿಮೀಟರ್ ಮಣ್ಣಿಗೆ ಸರಾಸರಿ 1.16 ಮಿಲಿಮೀಟರ್ ನೀರು ಮಾತ್ರ ಹೆಚ್ಚು ಸಿಗುತ್ತದೆ. ಹಾಗಾದರೆ ಬರದಲ್ಲಿ ಮುಚ್ಚಿದ ಹೊಲ ಯಾಕೆ ಹಸಿರಾಗಿರುತ್ತದೆ? ಬಿದ್ದ ಮಳೆ ಹರಿದು ಹೋಗದೆ ಒಳಗೆ ಇಳಿದಿರುತ್ತದೆ. ಮೇಲಿನ ಹೊದಿಕೆ ಅದನ್ನು ಆವಿಯಾಗಲು ಬಿಟ್ಟಿರುವುದಿಲ್ಲ. ಬೇರು ಆಳಕ್ಕೆ ಹೋಗಿರುತ್ತದೆ. ಲಾಭ ನಿಜ, ಹೇಳುವ ಕಾರಣ ತಪ್ಪು. ಕಾರಣ ತಪ್ಪಾದರೆ ಮಾಡುವ ಕೆಲಸವೂ ತಪ್ಪುತ್ತದೆ. ಹೊಸಬರು ಗೊಬ್ಬರದ ರಾಶಿ ಸುರಿದು ನೀರಿಗೆ ಕಾಯುತ್ತಾರೆ, ಮಣ್ಣು ಮುಚ್ಚುವುದನ್ನು ಮರೆಯುತ್ತಾರೆ.

ಹೊಸ ಕುಡಿ:

ತುಂಬಾ ಧನ್ಯವಾದ ಮೇಡಂ. ಅಂದರೆ ನನ್ನ ಸಾರಜನಕ ಇನ್ನೂ ಅಲ್ಲೇ ಇದೆ! ಮುಂದಿನ ಬಿತ್ತನೆಗೆ ಹುಲ್ಲನ್ನು ಸುಮ್ನೆ ಮೇಲೆ ಹಾಸುತ್ತೇನೆ.

ಸಾಲುಬಳ್ಳಿ:

ವೈನ್ ದ್ರಾಕ್ಷಿ ಬೆಳೆಯುವವನು ನಾನು. ಬಳ್ಳಿ ಸಾಲುಗಳ ನಡುವೆ ಹುಲ್ಲು, ಕ್ಲೋವರ್ ಅನ್ನುವ ದ್ವಿದಳ ಜಾತಿಯ ಮೇವಿನ ಗಿಡ ಬಿಡುತ್ತೇವೆ. ಎಲೆ ಉದುರಿದ ಮೇಲೆ ಕುರಿ ಬಿಡುತ್ತೇವೆ. ಅವು ಮೇಯುತ್ತವೆ, ಅಲ್ಲೇ ಹಿಕ್ಕೆ ಹಾಕುತ್ತವೆ, ಟ್ರ್ಯಾಕ್ಟರ್ ಓಡಾಟ ಕಡಿಮೆ ಆಗುತ್ತದೆ. ಮೊಗ್ಗು ಒಡೆಯುವ ಮುಂಚೆ ಹೊರಗೆ ಹೊಡೆಯಬೇಕು, ಇಲ್ಲದಿದ್ದರೆ ಚಿಗುರೆಲ್ಲ ಖಾಲಿ. ಕ್ಯಾಲಿಫೋರ್ನಿಯಾದ ಟಬ್ಲಾಸ್ ಕ್ರೀಕ್ ತೋಟ ಹೀಗೇ ಕುರಿ ಇಟ್ಟುಕೊಂಡು, ಮೇಲೆ ಹೇಳಿದ ಆ ಪ್ರಮಾಣಪತ್ರವನ್ನು 2020ರಲ್ಲಿ ಪಡೆಯಿತು. ದ್ರಾಕ್ಷಿ ತೋಟಗಳಲ್ಲಿ ಅದೇ ಮೊದಲು.

ನಾನು ಹೇಳಬೇಕಾದ್ದು ತಾಮ್ರದ ವಿಷಯ. ಸಾವಯವ ತೋಟದಲ್ಲಿ ಬೂಜು ರೋಗಕ್ಕೆ ತಾಮ್ರದ ಸಿಂಪರಣೆಗೆ ಅನುಮತಿ ಇದೆ. ತಾಮ್ರ ಕೊಳೆಯುವುದಿಲ್ಲ, ಮಣ್ಣಿನಲ್ಲೇ ಕೂರುತ್ತದೆ. ವರ್ಷಗಟ್ಟಲೆ ಸೇರಿದರೆ ಎರೆಹುಳುಗಳಿಗೆ ವಿಷ. ಕುರಿಗಳಿಗಂತೂ ಬೇರೆ ಜಾನುವಾರುಗಳಿಗಿಂತ ಬೇಗ ಏರುತ್ತದೆ. ಯುರೋಪಿನ ಒಕ್ಕೂಟದಲ್ಲಿ 7 ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ಮೀರಬಾರದು ಅಂತ ಮಿತಿ ಇಟ್ಟಿದ್ದಾರೆ. ಸಾವಯವ ಅಂದ ಕೂಡಲೇ ಮಣ್ಣಿಗೆ ಒಳ್ಳೆಯದು ಅಂತ ಕಣ್ಣು ಮುಚ್ಚಿ ಹೇಳಲು ಬರುವುದಿಲ್ಲ. ನಾನು ಮೊದಲ ವರ್ಷಗಳಲ್ಲಿ ಇದನ್ನು ಗಮನಿಸದೆ ಸಿಂಪಡಿಸಿದ ತೋಟಕ್ಕೇ ಕುರಿ ಬಿಟ್ಟಿದ್ದೆ. ಎರಡು ಸತ್ತವು. ಇವತ್ತಿಗೂ ಆ ಸಾಲಿನ ಪಕ್ಕ ನಡೆಯುವಾಗ ನೆನಪಾಗುತ್ತದೆ. ಈಗ ಸಿಂಪರಣೆ ದಿನದ ಪುಸ್ತಕ ನೋಡದೆ ಗೇಟು ತೆಗೆಯುವುದಿಲ್ಲ.

ನೆರಳು:

ಕಾಫಿಯ ಕಡೆಯಿಂದ ಎರಡು ಮಾತು. ಕಾಫಿ ಮೂಲದಲ್ಲಿ ಕಾಡಿನ ನೆರಳಿನ ಗಿಡ. ಬಿಸಿಲಿಗೆ ತೆರೆದು ಬೆಳೆದರೆ ಫಸಲು ಜಾಸ್ತಿ, ಗೊಬ್ಬರವೂ ಜಾಸ್ತಿ ಬೇಕು. ನೆರಳಿನ ಮರ ಇದ್ದರೆ ಎಲೆ ಉದುರಿ ನೆಲ ತಾನಾಗಿ ಮುಚ್ಚಿಕೊಳ್ಳುತ್ತದೆ. ಇನ್ನು ಹಣ್ಣಿನ ಸಿಪ್ಪೆ, ತೊಳೆದ ನೀರು. ಅದನ್ನು ಹಾಗೇ ಹಳ್ಳಕ್ಕೆ ಬಿಟ್ಟರೆ ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಂಡು ಮೀನು ಸಾಯುತ್ತವೆ. ಅದೇ ಸಿಪ್ಪೆ ಗೊಬ್ಬರವಾಗಿ ತೋಟಕ್ಕೆ ವಾಪಸ್ ಬರಬೇಕು. ಕೊಳ್ಳುವವರು ಇದನ್ನೂ ಕೇಳಿ.

ಮೊಳಕೆ:

ಹುದುಗು ಅವರ ತಮ್ಮನಿಗಾಗಿ ಬರೆಯುತ್ತಿದ್ದೇನೆ. ನಾನು ಬಾರ್ಲಿಗೆ ಮೊಳಕೆ ಬರಿಸಿ ಮಾಲ್ಟ್ ಮಾಡುತ್ತೇನೆ.

ಬಿಯರ್ ಬಾರ್ಲಿಗೆ ಪ್ರೋಟೀನ್ ಕಡಿಮೆ ಇರಬೇಕು, ಸುಮಾರು ಶೇ 12ರ ಒಳಗೆ. ಅದು ಏರಿದಷ್ಟೂ ಪಿಷ್ಟ ಇಳಿಯುತ್ತದೆ, ಬಿಯರ್ ಮಬ್ಬಾಗುತ್ತದೆ. ಬ್ರೆಡ್ ಗೋಧಿಗೆ ಸರಿಯಾಗಿ ಇದರ ಉಲ್ಟಾ. ಪ್ರೋಟೀನ್ ಜಾಸ್ತಿ ಇದ್ದರೇ ಹಿಟ್ಟು ಚೆನ್ನಾಗಿ ಎಳೆಯುತ್ತದೆ, ಉಬ್ಬುತ್ತದೆ. ಹೊಲದಲ್ಲಿ ಪ್ರೋಟೀನ್ ನಿರ್ಧಾರ ಮಾಡುವುದರಲ್ಲಿ ಸಾರಜನಕದ್ದು ದೊಡ್ಡ ಪಾಲು.

ನನಗೆ ಧಾನ್ಯ ಕೊಡುವ ಒಬ್ಬರು ಒಂದು ವರ್ಷ ಕ್ಲೋವರ್ ಮುಗಿಸಿದ ಹೊಲಕ್ಕೆ ನೇರವಾಗಿ ಬಾರ್ಲಿ ಬಿತ್ತಿದ್ದರು. ಕ್ಲೋವರ್ ಕೂಡಿಟ್ಟ ಸಾರಜನಕ ತೆನೆ ತುಂಬುವ ಹೊತ್ತಿಗೆ ಸಿಕ್ಕಿತು. ಬೆಳೆ ನೋಡಲು ಚಿನ್ನ. ಪ್ರೋಟೀನ್ ಅಳೆದಾಗ ಮಾಲ್ಟಿಗೆ ಆಗಲಿಲ್ಲ, ದನದ ಮೇವಿಗೆ ಹೋಯಿತು. ಅವರು ಮಣ್ಣಿಗೆ ಒಳ್ಳೆಯದನ್ನೇ ಮಾಡಿದ್ದರು. ಬೆಳೆಯ ಕ್ರಮ ಮಾತ್ರ ತಪ್ಪಿತ್ತು.

ಸರಿಯಾದ ಕ್ರಮ ಹೇಗಿರಬೇಕು ಗೊತ್ತಾ? ಕ್ಲೋವರ್ ಆದ ಮೇಲೆ ಗೋಧಿ. ಅದು ಆ ಸಾರಜನಕವನ್ನು ಹೀರಿ ಅಕ್ಕನಿಗೆ ಬೇಕಾದ ಪ್ರೋಟೀನ್ ಕಟ್ಟಿಕೊಳ್ಳುತ್ತದೆ. ಅದರ ಮುಂದಿನ ಬೆಳೆ ಬಾರ್ಲಿ. ಆಗ ಮಣ್ಣಿನಲ್ಲಿ ಸಾರಜನಕ ಇಳಿದಿರುತ್ತದೆ, ತಮ್ಮನಿಗೆ ಬೇಕಾದದ್ದು ಅದೇ. ಆಮೇಲೆ ಬಟಾಣಿ. ನೀವಿಬ್ಬರೂ ಬೇರೆ ಬೇರೆ ಕಡೆ ಧಾನ್ಯ ಹುಡುಕುತ್ತಿದ್ದೀರಿ. ಒಬ್ಬ ರೈತನ ಸರದಿ ನಿಮ್ಮಿಬ್ಬರಿಗೂ ಸಾಕು.

ಹುದುಗು:

ಇದನ್ನು ಓದಿ ಎದ್ದು ಹೋಗಿ ತಮ್ಮನಿಗೆ ಜೋರಾಗಿ ಓದಿ ಹೇಳಿದೆ. ನಾವಿಬ್ಬರೂ ಒಂದೇ ಗೋಡೆಯ ಎರಡು ಬದಿಯಲ್ಲಿ ಇಷ್ಟು ವರ್ಷ ಇದ್ದೇವೆ. ಇದು ನಮಗೆ ಹೊಳೆದೇ ಇರಲಿಲ್ಲ.

ನನ್ನ ಕಡೆಯ ಒಂದು ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಯಾವಾಗಲೂ ರೈತರಿಗೆ ಗೋಧಿ ಮಾತ್ರ ಕೇಳಿದ್ದೇನೆ. ಪ್ರತಿ ವರ್ಷ ಅಷ್ಟೇ ಗೋಧಿ, ಅದೇ ಗುಣ. ಬಾಯಲ್ಲಿ ಮಣ್ಣು ಉಳಿಸಿ ಅನ್ನುತ್ತಿದ್ದೆ, ಕೊಳ್ಳುವಾಗ ಒಂದೇ ಬೆಳೆಗೆ ದುಡ್ಡು ಕೊಡುತ್ತಿದ್ದೆ. ಹಾಗಾದರೆ ಅವರು ಯಾಕೆ ಬೇರೆ ಬೆಳೆ ಹಾಕಬೇಕು?

ಮೇಲ್ಮಣ್ಣು:

ಅಕ್ಕ, ಈ ಮಾತು ಹೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಹೊರಗಿನವರು ಕೇಳುವುದು ಉಳುಮೆ ಬಿಟ್ಟಿರಾ, ಗೊಬ್ಬರ ಬಿಟ್ಟಿರಾ ಅಂತ. ನಮ್ಮ ಕೈ ಕಟ್ಟಿರುವುದು ಬೇರೆ ಕಡೆ. ಸರದಿಯಲ್ಲಿ ನಾಲ್ಕು ಬೆಳೆ ಇದ್ದರೆ ನಾಲ್ಕಕ್ಕೂ ಗಿರಾಕಿ ಬೇಕು. ಗೋಧಿಗೆ ಇದ್ದಾರೆ. ಬಟಾಣಿ, ಓಟ್ಸ್, ರೈ ಹಾಕಿದ ವರ್ಷ ಕಣಜದಲ್ಲಿ ಇಟ್ಟುಕೊಂಡು ಫೋನು ಮಾಡುತ್ತಾ ಕೂರಬೇಕು. ಎರಡು ಸಲ ಹಾಗಾದರೆ ಯಾರಾದರೂ ವಾಪಸ್ ಗೋಧಿ ಮೇಲೆ ಗೋಧಿ ಹಾಕುತ್ತಾರೆ. ಗೋಧಿ ಮೇಲೆ ಗೋಧಿ ಅಂದರೆ ಬೇರಿಗೆ ರೋಗ, ಆಮೇಲೆ ಔಷಧಿ, ಆಮೇಲೆ ಚೀಲಗಟ್ಟಲೆ ಯೂರಿಯಾ.

ಶುರುವಿನ ಮೂರು ನಾಲ್ಕು ವರ್ಷ ಇನ್ನೂ ಕಷ್ಟ. ಯೂರಿಯಾ ಕಡಿಮೆ ಮಾಡಿರುತ್ತೇವೆ, ಮಣ್ಣು ಇನ್ನೂ ತಾನಾಗಿ ಕೊಡಲು ಶುರು ಮಾಡಿರುವುದಿಲ್ಲ. ಆ ವರ್ಷಗಳಲ್ಲಿ ನನ್ನನ್ನು ಉಳಿಸಿದ್ದು ಒಬ್ಬ ಗಿರಣಿಯವರು. ಬಿತ್ತುವ ಮುಂಚೆಯೇ ಮೂರು ವರ್ಷದ ಮಾತು ಕೊಟ್ಟಿದ್ದರು. ಇಳುವರಿ ಬಿದ್ದ ವರ್ಷವೂ ಮಾತು ತಪ್ಪಲಿಲ್ಲ.

ಲೆಕ್ಕ ಬೇಕು:

ಯೂರಿಯಾ ಮಾತು ಬಂತಲ್ಲ, ಅದಕ್ಕೆ ಸೇರಿಸುತ್ತೇನೆ. ಬ್ರೆಡ್, ಬಿಯರ್ ಎರಡರ ಹವಾಮಾನದ ಲೆಕ್ಕದಲ್ಲೂ ಹೊಲದ ಸಾರಜನಕ ಗೊಬ್ಬರಕ್ಕೆ ದೊಡ್ಡ ಜಾಗ ಇದೆ. ಕಾರ್ಖಾನೆಯಲ್ಲಿ ಅದನ್ನು ಮಾಡಲು ಹೆಚ್ಚಾಗಿ ನೈಸರ್ಗಿಕ ಅನಿಲ ಬೇಕು. ಹೊಲಕ್ಕೆ ಹಾಕಿದ ಮೇಲೆ ಒಂದಿಷ್ಟು ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆ. 100 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಶಾಖ ಹಿಡಿಯುತ್ತದೆ. ಮಣ್ಣಿನಲ್ಲಿ ಎಷ್ಟು ಇಂಗಾಲ ಸೇರಿತು ಅನ್ನುವುದಕ್ಕಿಂತ ಎಷ್ಟು ಯೂರಿಯಾ ಉಳಿಯಿತು ಅನ್ನುವುದನ್ನು ಅಳೆಯುವುದು ಸುಲಭ. ಚೀಲ ಎಣಿಸಿದರೆ ಸಾಕು. ಹುದುಗು ಅವರೇ, ಇದು ನಿಮ್ಮ ಮೂರನೇ ಪ್ರಶ್ನೆ ಆಗಲಿ.

ತಮ್ಮನಿಗೆ ಇನ್ನೊಂದು ವಿಷಯ. ಅಮೆರಿಕದ ಕಾನ್ಸಾಸ್‌ನಲ್ಲಿ 1976ರಲ್ಲಿ ಶುರುವಾದ ಲ್ಯಾಂಡ್ ಇನ್‌ಸ್ಟಿಟ್ಯೂಟ್, ಕೆರ್ನ್ಝಾ ಅನ್ನುವ ಧಾನ್ಯ ಬೆಳೆಸುತ್ತಿದೆ. ಒಮ್ಮೆ ಬಿತ್ತಿದರೆ ಕೆಲವು ವರ್ಷ ಕೊಯ್ಯಬಹುದು. ಬೇರು 3 ಮೀಟರ್‌ವರೆಗೂ ಇಳಿಯುತ್ತದೆ. 2016ರಲ್ಲಿ ಅದನ್ನು ಹಾಕಿ ಮಾಡಿದ ಬಿಯರ್ ಮಾರುಕಟ್ಟೆಗೂ ಬಂತು. ಕಾಳು ಗೋಧಿಗಿಂತ ತುಂಬಾ ಚಿಕ್ಕದು, ಇಳುವರಿ ಗೋಧಿಯ ಹತ್ತಿರಕ್ಕೂ ಇನ್ನೂ ಬಂದಿಲ್ಲ. ಆದರೂ ನಾನು ಅದನ್ನು ಆಸೆಯಿಂದ ನೋಡುತ್ತಿದ್ದೇನೆ.

ಹೊಸ ಕುಡಿ:

ಒಂದು ಸಣ್ಣ ವಿಷಯ. ಇವತ್ತು ಹೊದಿಕೆ ಬೆಳೆಯ ಒಂದು ಗಿಡ ಕಿತ್ತು ನೋಡಿದೆ. ಬೇರಿಗೆ ಮಣ್ಣು ತೋಳಿನ ಹಾಗೆ ಅಂಟಿಕೊಂಡಿತ್ತು. ಕೊಡವಿದರೂ ಬೀಳಲಿಲ್ಲ. ಮೊದಲ ಮಳೆ ಬಿದ್ದಾಗ ಬರುತ್ತದಲ್ಲ, ಅದೇ ವಾಸನೆ. ಹಳದಿ ಬೆಳೆಯ ಪಕ್ಕದ ಪಟ್ಟೆಯಲ್ಲೇ!

ಎರೆಹುಳು:

ಆ ಮಣ್ಣಿನ ತೋಳು ಬೇರಿನ ರಸದ ಅಂಟಿನಿಂದ ಆಗಿದ್ದು. ವಾಸನೆ ಜಿಯೋಸ್ಮಿನ್ ಅನ್ನುವ ಪದಾರ್ಥದ್ದು, ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ಮಾಡುತ್ತವೆ. ಕೀಳುವುದನ್ನು ಇನ್ನು ನಿಲ್ಲಿಸಿ, ಉಳಿದ ಗಿಡ ಅಲ್ಲೇ ಇರಲಿ.

ಹುದುಗು:

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಕಾದವರಿಗೆಲ್ಲ ಕ್ಷಮೆ ಕೇಳುತ್ತೇನೆ.

ತಮ್ಮನನ್ನೂ ಕರೆದುಕೊಂಡು ಆ ರೈತರ ಹತ್ತಿರ ಮತ್ತೆ ಹೋದೆ. ಮಣ್ಣು ಎಷ್ಟು ದಿನ ಬೆತ್ತಲೆ ಇರುತ್ತದೆ ಅಂತ ಕೇಳಿದೆ. ಅವರು ನಿಜವಾಗಿಯೂ ಬೆರಳು ಮಡಚಿದರು. "ಹೋದ ವರ್ಷ 23 ದಿನ. ಮಳೆ ತಡವಾಯಿತು, ಹೊದಿಕೆ ಬೆಳೆ ಹುಟ್ಟಲಿಲ್ಲ. ಅದಕ್ಕೂ ಮುಂಚಿನ ವರ್ಷ 11" ಎಂದರು. ಯೂರಿಯಾ ಪೂರ್ತಿ ಬಿಟ್ಟಿಲ್ಲ, ಮೊದಲು ಹಾಕುತ್ತಿದ್ದುದರಲ್ಲಿ ಮೂರನೇ ಒಂದು ಪಾಲು ಈಗಲೂ ಹಾಕುತ್ತಾರೆ. ಅದನ್ನು ನಾನು ಕೇಳುವ ಮುಂಚೆ ಅವರೇ ಹೇಳಿದರು. ಕಳೆನಾಶಕ ಎರಡು ವರ್ಷದಿಂದ ಬಳಸಿಲ್ಲ, ಈ ವರ್ಷ ಒಂದು ಮೂಲೆಯಲ್ಲಿ ಬೇಕಾಗಬಹುದು ಎಂದರು. ಹಸಿರು ಎಲೆಯ ಹಾಳೆಗಿಂತ ಈ ಉತ್ತರಗಳನ್ನು ನಾನು ಹೆಚ್ಚು ನಂಬುತ್ತೇನೆ.

ಖಾಲಿ ಹಿಟ್ಟಿನ ಚೀಲದ ಬೆನ್ನಿಗೆ ಪೆನ್ಸಿಲ್‌ನಲ್ಲಿ ಅವರ ನಾಲ್ಕು ಹೊಲ ಬರೆದರು. ಕ್ಲೋವರ್, ಗೋಧಿ, ಬಾರ್ಲಿ, ಬಟಾಣಿ. ಗೋಧಿಗೆ ನನ್ನ ಗುರುತು, ಬಾರ್ಲಿಗೆ ತಮ್ಮನ ಗುರುತು. ಮೂರು ವರ್ಷಕ್ಕೆ ಮಾತು ಕೊಟ್ಟೆವು. ಕ್ಲೋವರ್ ಮೇಯಲು ಅವರ ಕುರಿಗಳಿವೆ. ತಮ್ಮನ ಕಡೆ ಬಿಯರ್ ಮಾಡಿ ಉಳಿಯುವ ಬಾರ್ಲಿ ಚರಟವನ್ನೂ ಅವುಗಳಿಗೇ ಕಳಿಸುವುದು ಅಂತ ಆಯಿತು.

ಬಟಾಣಿಯ ಚೌಕ ಖಾಲಿ ಉಳಿದಿತ್ತು. ಅವರು ಅದರ ಮೇಲೆ ಪೆನ್ಸಿಲ್ ಇಟ್ಟುಕೊಂಡು ಏನೂ ಹೇಳದೆ ಕೂತಿದ್ದರು. ಒಂದು ಚೀಲ ನಾನೇ ತಂದೆ. ಹಸಿ ಬಟಾಣಿ ಹಿಟ್ಟು ಬ್ರೆಡ್‌ಗೆ ಹಾಕಿದರೆ ಹಸಿ ವಾಸನೆ ಬರುತ್ತಿತ್ತು. ಹುರಿದು ಬೀಸಿದರೆ ಹೋಯಿತು. ನೂರಕ್ಕೆ ಐದು ಭಾಗ ಹಾಕಿದಾಗ ಬ್ರೆಡ್ ಚೆನ್ನಾಗಿ ಉಬ್ಬುತ್ತದೆ, ಹೊರಗಿನ ಬಣ್ಣವೂ ಚೆಂದ. ಹತ್ತು ಹಾಕಿದರೆ ಒಳಗೆ ಗಟ್ಟಿಯಾಗುತ್ತದೆ. ಎಂಟಕ್ಕೆ ನಿಲ್ಲಿಸಬಹುದಾ ಅಂತ ಈ ವಾರ ನೋಡುತ್ತಿದ್ದೇನೆ. ಬಟಾಣಿ ಹಿಟ್ಟಿನ ಅನುಭವ ಇದ್ದವರು ಇದ್ದರೆ, ನೀರು ಎಷ್ಟು ಜಾಸ್ತಿ ಹಾಕುತ್ತೀರಿ ಅಂತ ಹೇಳಿ.

ಕಟಾವಿನ ಹೊತ್ತಿಗೆ ಮತ್ತೆ ಎರಡು ಹೆಂಟೆ ತರುತ್ತೇನೆ. ಒಂದು ಹೋದ ಸಲದ ಜಾಗದ್ದೇ, ಇನ್ನೊಂದು ಬಟಾಣಿ ಸಾಲಿನ ಕೆಳಗಿನದು.